ಚಿಂಚೋಳಿಗೊಂದು ರೈಲ್ವೆ ಗೇಟು

ನಮ್ಮ ಮನೆಯ ಕೂಲರ್ ಕತ್ತು ತಿರುಗಿಸುವುದಿಲ್ಲ. ಬೇರೆಯವರ ಮನೆಯಲ್ಲಿ ಕೂಲರಿನ ಮುಂದಿನ ಪಟ್ಟಿಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡುತ್ತ, ನುರಿತ ಭಾಷಣಕಾರರ ಹಾಗೆ ಸಭೆಯ ಎಲ್ಲ ಮೂಲೆಗೂ ಗಾಳಿ ಹಂಚುತ್ತವೆ. ನಮ್ಮದು ಮಾತ್ರ ಅಪ್ಪನ ಕುರ್ಚಿಯನ್ನೇ ದಿಟ್ಟಿಸುತ್ತ ಇದ್ದದ್ದನ್ನೆಲ್ಲ ಅವರೊಬ್ಬರ ಮುಖಕ್ಕೇ ಊದುತ್ತದೆ. ಅಪ್ಪನಿಗೆ ನೆಗಡಿ, ಅವ್ವನಿಗೆ ಸೆಕೆ, ನನಗೆ ಪಾಪಪ್ರಜ್ಞೆ. ಏಪ್ರಿಲ್ ತಿಂಗಳ ಮಧ್ಯಾಹ್ನವನ್ನು ಶಹಾಬಾದದಲ್ಲಿ ಕಳೆದವರಿಗೆ ಈ ಮೂರರಲ್ಲಿ ಯಾವುದು ಹೆಚ್ಚು ಕಷ್ಟ ಎಂದು ಬಿಡಿಸಿ ಹೇಳಬೇಕಿಲ್ಲ.

ಆ ಕತ್ತು ತಿರುಗಿಸುವ ಪುಟ್ಟ ಮೋಟರ್ ಎಲ್ಲಿದೆ ಎಂಬುದು ನನಗೆ ಗೊತ್ತು. ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿ, ಒಂದು ಕಲ್ಲಿನ ಮೇಲೆ, ರೈಲೇ ಹೋಗದ ಊರಿನ ರೈಲ್ವೆ ಗೇಟನ್ನು ಎತ್ತುತ್ತ ಇಳಿಸುತ್ತ ಇದೆ. ಅಪ್ಪನಿಗೆ ಹೇಳಿಲ್ಲ. ನಿಮಗೆ ಹೇಳಬಹುದು, ನೀವು ಆ ಕುರ್ಚಿಯಲ್ಲಿ ಕೂರುವವರಲ್ಲ.

ಮೊದಲು ನನ್ನ ಕಾಯಿಲೆಯ ಬಗ್ಗೆ ಎರಡು ಮಾತು. ಕಾಲೇಜಿನ ಮೂರು ವರ್ಷ ನಾನು ಚರ್ಚಾಸ್ಪರ್ಧೆ ಬಿಟ್ಟು ಬೇರೇನನ್ನೂ ಮನಸ್ಸಿಟ್ಟು ಮಾಡಲಿಲ್ಲ. ಸೇಡಂ ಇರಲಿ, ಚಿತ್ತಾಪುರ ಇರಲಿ, ಎಲ್ಲಿ ಮೈಕು ಇಟ್ಟರೂ ಬಸ್ಸು ಹತ್ತಿ ಹೋಗುತ್ತಿದ್ದೆ. ವಿಷಯದ ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತದೆ. ಗೊತ್ತಾದ ಐದನೇ ನಿಮಿಷಕ್ಕೆ ಅದು ಹುಟ್ಟಿದಂದಿನಿಂದ ಬಂದ ನಂಬಿಕೆ ಎಂಬ ಹಾಗೆ ಮೇಜು ಗುದ್ದಬೇಕು. ಈ ತರಬೇತಿಯ ಫಲವಾಗಿ ಮನೆಯಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಉಪ್ಪಿಟ್ಟಿಗೆ ಉಪ್ಪು ಸಾಕೇ ಎಂದರೆ, ‘ಸಾಕು ಎಂದರೆ ಯಾರ ಅಳತೆಯಲ್ಲಿ?’ ಎಂದು ಶುರು ಮಾಡುತ್ತೇನೆಂಬ ಹೆದರಿಕೆ. ಏಕಾದಶಿಯ ದಿನ ಅವಲಕ್ಕಿ ಅನ್ನದ ಜಾತಿಗೆ ಸೇರುತ್ತದೋ ಇಲ್ಲವೋ ಎಂದು ಅಜ್ಜಿಯನ್ನು ಪಾಟೀಸವಾಲು ಮಾಡಿ, ಅವರು ಅವಲಕ್ಕಿಯನ್ನೂ ಬಿಟ್ಟು ಬರೀ ನೀರಿನ ಮೇಲೆ ದಿನ ಕಳೆಯುವ ಹಾಗೆ ಮಾಡಿದವಳು ನಾನು. ಆ ವಾದದಲ್ಲಿ ಗೆದ್ದೆ. ಸಂಜೆಯ ತನಕ ಅಜ್ಜಿಯ ಮುಖ ನೋಡಲಾಗಲಿಲ್ಲ, ಅದು ಬೇರೆ.

ಇಂಥ ನನ್ನನ್ನು ಕೂರಿಸಿ, ಚಹಾ ಕೊಟ್ಟು, ಮೇಲೆ ಮಾತನ್ನೂ ಆಡಿಸುವ ಒಂದೇ ಜಾಗವೆಂದರೆ ಮಹೆಬೂಬ ಚಾಚಾನ ಫರಶಿ ಅಂಗಳ. ನೆಲಕ್ಕೆ ಹಾಸುವ ಈ ಕಲ್ಲು ಕೊಯ್ದು ಪಾಲಿಶ್ ಮಾಡುವುದು ಅವರ ತಾತನ ಕಾಲದಿಂದ ಬಂದ ಕೆಲಸ. ನಮ್ಮ ಮನೆಯ ನೆಲ, ಅಡುಗೆ ಕಟ್ಟೆ, ತುಳಸಿಕಟ್ಟೆ ಎಲ್ಲವೂ ಅಲ್ಲಿಂದ ಬಂದವೇ. ಚಿಕ್ಕವರಿದ್ದಾಗ ಬೇಸಿಗೆಯಲ್ಲಿ ಆ ನೆಲಕ್ಕೆ ನೀರು ಚಿಮುಕಿಸಿ, ನಾನೂ ಅಕ್ಕನೂ ಕೆನ್ನೆ ಒತ್ತಿ ಮಲಗುತ್ತಿದ್ದೆವು. ಎದ್ದಾಗ ಎರಡು ಫರಶಿಗಳ ನಡುವಿನ ಸಂದು ಕೆನ್ನೆಯ ಮೇಲೆ ಗೆರೆಯಾಗಿ ಮೂಡಿರುತ್ತಿತ್ತು. ಯಾರ ಗೆರೆ ನೆಟ್ಟಗಿದೆ ಎಂಬುದರ ಮೇಲೆ ಜಗಳ. ಕನ್ನಡಿ ತಂದು ಪುರಾವೆ ತೋರಿಸು ಎನ್ನುತ್ತಿದ್ದವಳು ಆಗಲೂ ನಾನೇ.

ಚಾಚಾ ಒಮ್ಮೆ ಕಲ್ಲು ಮುಟ್ಟಿಸಲು ಹೈದರಾಬಾದಿಗೆ ಹೋದಾಗ ಅಲ್ಲಿನ ಮಾಲೊಂದರಲ್ಲಿ ಪಿನ್‌ಬಾಲ್ ಯಂತ್ರ ನೋಡಿ ಬಂದರು. ಓರೆಯಾಗಿಟ್ಟ ಹಲಗೆ, ಸ್ಪ್ರಿಂಗ್ ಎಳೆದು ಬಿಟ್ಟರೆ ಉಕ್ಕಿನ ಗುಂಡು ಸುಂಯ್ಯೆಂದು ಮೇಲೇರಿ, ಮೊಳೆಗಳಿಗೆಲ್ಲ ಹಣೆ ಬಡಿದುಕೊಳ್ಳುತ್ತ ಇಳಿಯುತ್ತದೆ, ಕೆಳಗಿನ ಎರಡು ರೆಕ್ಕೆಗಳಿಂದ ಅದನ್ನು ಮತ್ತೆ ಮೇಲಕ್ಕೆ ಹೊಡೆಯಬೇಕು. ಊರಿಗೆ ಮರಳಿದ ಚಾಚಾ, ಮೂಲೆ ಮುರಿದು ಗಿರಾಕಿ ಬೇಡವೆಂದ ಒಂದು ಫರಶಿಯನ್ನು ಇಟ್ಟಿಗೆಗಳ ಮೇಲೆ ಓರೆಯಾಗಿ ನಿಲ್ಲಿಸಿದರು. ಡ್ರಿಲ್ಲಿನಿಂದ ತೂತು ಕೊರೆದು ಹಿತ್ತಾಳೆಯ ಸ್ಕ್ರೂಗಳನ್ನು ನೆಟ್ಟರು. ರೆಕ್ಕೆ ಆಡಿಸಲು ಸೈಕಲ್ಲಿನ ಬ್ರೇಕು, ಗುಂಡು ಹಾರಿಸಲು ಬಾಗಿಲ ಚಿಲಕವೂ ಒಂದು ಸ್ಪ್ರಿಂಗೂ. ಗುಂಡು ಎಂದರೆ ಲಾರಿ ಬೇರಿಂಗಿನ ಛರ್ರಾ. ಮಾಲಿನ ಯಂತ್ರವನ್ನು ಅಲುಗಾಡಿಸಿದರೆ ಆಟ ರದ್ದಂತೆ. ಇದನ್ನು ಅಲುಗಾಡಿಸಲು ಆರು ಹಮಾಲರು ಬೇಕು. ಹಾಗಾಗಿ ಮೋಸದ ಪ್ರಶ್ನೆಯೇ ಇಲ್ಲ.

“ದುನಿಯಾದಾಗ ಕಲ್ಲಿನ ಪಿನ್‌ಬಾಲ್ ಇದೊಂದೇ ನೋಡವಾ,” ಎಂದರು ಚಾಚಾ.

“ಪುರಾವೆ ಏನದ?”

“ಇನ್ನೊಂದ ತೋರ್ಸು.”

ಪುರಾವೆ ಒದಗಿಸುವ ಹೊಣೆ ಹೇಳಿದವರದೇ ಹೊರತು ಕೇಳಿದವರದಲ್ಲ ಎಂದು ನಾನು ವಿವರಿಸುವಷ್ಟರಲ್ಲಿ ಅವರು ಕಲ್ಲು ಕೊಯ್ಯುವ ಯಂತ್ರ ಶುರು ಮಾಡಿಬಿಟ್ಟಿದ್ದರು. ಚಾಚಾನ ಜೊತೆ ವಾದ ಮಾಡುವ ಕಷ್ಟ ಇದು. ಅವರ ಕೈಯಲ್ಲಿ ಸದ್ದಿನ ಗುಂಡಿ ಇದೆ.

ಛರ್ರಾ ಬೀಳುವ ಕುಳಿಗಳಿಗೆ ನಮ್ಮ ಸೀಮೆಯ ಊರುಗಳದೇ ಹೆಸರು. ತೀರ ಕೆಳಗೆ ಶಹಾಬಾದ, ಹತ್ತು. ಅದರ ಮೇಲೆ ವಾಡಿ, ಇಪ್ಪತ್ತು. ಚಿತ್ತಾಪುರ ಮೂವತ್ತು, ಸೇಡಂ ನಲವತ್ತು. ರೈಲು ಹೋಗುವ ಕ್ರಮದಲ್ಲೇ. ಎಲ್ಲಕ್ಕಿಂತ ಮೇಲೆ ಎಡಮೂಲೆಯಲ್ಲಿ ಚಿಂಚೋಳಿ, ಪೂರಾ ನೂರು.

“ಅದಕ್ಯಾಕ ನೂರು?” ಎಂದು ಕೇಳಿದೆ.

“ಅಲ್ಲಿ ರೈಲು ಹೋಗಂಗಿಲ್ಲಲ್ಲ, ಅದ್ಕ.”

ಆ ನೂರರ ಹಿಂದೆ ಒಂದು ಹಳೆಯ ಮಾತಿತ್ತು. ಚಾಚಾನ ಹೆಂಡತಿ ಜೈನಬ್ ಚಾಚಿಯ ತವರು ಚಿಂಚೋಳಿ ತಾಲೂಕಿನ ಚಿಮ್ಮನಚೋಡ. ಮದುವೆಯ ಹೊಸದರಲ್ಲಿ ಚಾಚಾ, ‘ನಿನ್ನ ತವರಿಗೆ ಒಂದಿನ ರೈಲಿನಾಗ ಕರಕೊಂಡು ಹೋಗ್ತೀನಿ’ ಎಂದಿದ್ದರಂತೆ. ಹೊಸ ಮದುಮಗ ಹೇಳುವ ಮಾತಿಗೆ ಭೂಗೋಳದ ಆಧಾರ ಬೇಕಿಲ್ಲ. ಆದರೆ ಚಾಚಿ ಮರೆಯಲಿಲ್ಲ. ಮೊಣಕಾಲು ಮುಂದಿನ ಸೀಟಿಗೆ ತಾಗಿಸಿಕೊಂಡು ಬಸ್ಸಿನಲ್ಲಿ ತವರಿಗೆ ಹೋಗಿಬಂದಾಗಲೆಲ್ಲ, ಬಾಗಿಲಲ್ಲೇ ನಿಂತು, “ನಿಮ್ಮ ರೈಲು ಭಾಳ ಲೇಟ್ ಅದ ನೋಡ್ರಿ,” ಎನ್ನುತ್ತಿದ್ದರು. ಕಲ್ಲಿನ ಆಟ ಸಿದ್ಧವಾದ ದಿನ ಚಾಚಾ, “ತಗೋ, ಇದರಾಗರ ಹೋಗು,” ಎಂದು ಚಿಂಚೋಳಿಯನ್ನು ತೋರಿಸಿದರು. ಅವರು ನಗಿಸಲು ಹೇಳಿದ್ದು. ಚಾಚಿ ಹೊರಟೇಬಿಟ್ಟರು.

ಅಂಗಳದ ನಿಯಮ ತಲೆಗೆ ಐದು ಛರ್ರಾ. ದಿನಾ ಮಧ್ಯಾಹ್ನದ ನಮಾಜು ಮುಗಿಸಿ ಬಂದು, ಬಳೆಗಳನ್ನು ಮೊಣಕೈಯವರೆಗೆ ಸರಿಸಿ, ಚಾಚಿ ಐದೂ ಗುಂಡನ್ನು ಚಿಂಚೋಳಿಗೆ ಗುರಿಯಿಟ್ಟು ಬಿಡುತ್ತಿದ್ದರು. ಮೂರು ವರ್ಷದಲ್ಲಿ ಒಂದೂ ಮುಟ್ಟಲಿಲ್ಲ. ಜೋರಾಗಿ ಬಂದರೆ ಕುಳಿಯ ಮೇಲಿಂದ ಹಾರಿ ಹೋಗುತ್ತಿತ್ತು. ಮೆಲ್ಲಗೆ ಬಂದರೆ ಅಲ್ಲಿಯವರೆಗೂ ಬರದೆ ಜಾರುತ್ತಿತ್ತು. “ಸೇಡಂ ತನಕ ಬಂತು. ನಾಳಿ ನೋಡೋಣ,” ಎಂದು ಬಳೆ ಇಳಿಸಿಕೊಂಡು ಚಹಾ ಮಾಡಲು ಒಳಗೆ ಹೋಗುತ್ತಿದ್ದರು.

ಹೀಗೇ ನಡೆದಿದ್ದರೆ ನಮ್ಮ ಕೂಲರ್ ಇವತ್ತು ಕತ್ತು ತಿರುಗಿಸುತ್ತಿತ್ತು. ಆದರೆ ಕಳೆದ ಚಳಿಗಾಲದಲ್ಲಿ ಚಾಚಾನಿಗೆ ಒಂದು ಕೊರತೆ ಕಾಡತೊಡಗಿತು.

“ಮಾಲಿನ ಮಷಿನ್ನಿನಾಗ ಏನರ ಒಂದು ಅಲ್ಲಾಡ್ತಿತ್ತು. ನಮ್ಮದ್ರಾಗ ಎಲ್ಲಾ ಸುಮ್ಮನ ಕುಂತಾವ. ಒಂದು ರೈಲ್ವೆ ಗೇಟ್ ಹಾಕ್ತೀನಿ. ತಾನೇ ಏಳಬೇಕು, ತಾನೇ ಬೀಳಬೇಕು.”

“ಎಲ್ಲಿ?”

“ಚಿಂಚೋಳಿ ಬಾಜೂಕ. ಅಲ್ಲೇ ಜಾಗಾ ಅದ.”

ಸನ್ಮಾನ್ಯ ಓದುಗರೇ, ನೀವೇ ಹೇಳಿ, ಯಾವ ತರ್ಕಪ್ರಿಯ ಜೀವ ಇದನ್ನು ಸಹಿಸೀತು? ರೈಲು ಇರುವಲ್ಲಿ ಗೇಟು ಇರುತ್ತದೆ, ಚಿಂಚೋಳಿಗೆ ರೈಲಿಲ್ಲ, ಆದ್ದರಿಂದ ಚಿಂಚೋಳಿಗೆ ಗೇಟು ಸಲ್ಲದು. ಮೂರೇ ವಾಕ್ಯದಲ್ಲಿ ಮುಗಿಸಿದೆ. ಚಾಚಾ ಪೂರ್ತಿ ಕೇಳಿ, ತಲೆದೂಗಿ, ಸೈಕಲ್ ಕಡ್ಡಿಯೊಂದಕ್ಕೆ ಕೆಂಪು ಬಿಳಿ ಬಣ್ಣ ಬಳಿಯುವುದನ್ನು ಮುಂದುವರಿಸಿದರು.

ಮೊದಲು ಅವರು ಹಚ್ಚಿದ್ದು ಹಳೆಯ ಮಿಕ್ಸರಿನ ಮೋಟರು. ಗುಂಡಿ ಒತ್ತಿದ ಕೂಡಲೇ ಗೇಟು ಕಣ್ಣಿಗೆ ಕಾಣದಂತಾಯಿತು, ಅಷ್ಟು ವೇಗ. ಒಂದು ಛರ್ರಾ ಅದಕ್ಕೆ ತಾಗಿ, ಪಕ್ಕದ ಅಂಗಳದ ತಗಡಿನ ಮೇಲೆ ಬಿದ್ದು, ಅಲ್ಲಿ ಮಲಗಿದ್ದ ಆಡು ಎದ್ದು ನಿಂತಿತು. ಇಷ್ಟಕ್ಕೇ ಬಿಟ್ಟಿದ್ದರೆ ಚಾಚಾ ಕೈಚೆಲ್ಲುತ್ತಿದ್ದರು. ಆದರೆ ಗೊತ್ತಿದ್ದದ್ದನ್ನು ಹೇಳದೆ ಇರುವುದು ನಮ್ಮ ತರಬೇತಿಯಲ್ಲಿಲ್ಲ.

“ವೇಗದ ಮೋಟರ್ ಅಲ್ಲ ಚಾಚಾ, ನಿಧಾನದ್ದು ಬೇಕು. ಕೂಲರಿನ ಪಟ್ಟಿ ತಿರುಗಿಸ್ತದಲ್ಲ, ಅದು. ನಿಮಿಷಕ್ಕ ಐದೇ ಸುತ್ತು.”

“ಎಲ್ಲಿ ಸಿಗ್ತದ?”

“ನಮ್ಮ ಮನ್ಯಾಗ ಅದ.”

ವಿರೋಧಿಸಿದ ಗೇಟಿಗೆ ನಾನೇ ಮೋಟರ್ ತಂದುಕೊಟ್ಟೆ. ಚಳಿಗಾಲ, ಕೂಲರು ಅಟ್ಟದ ಮೇಲೆ ಹಳೆ ಸೀರೆ ಹೊದ್ದು ಮಲಗಿತ್ತು. ಬೇಸಿಗೆಯೊಳಗೆ ಬೇರೊಂದು ಹಾಕಿಸಿದರಾಯಿತು ಎಂದುಕೊಂಡೆ. ಅಂದುಕೊಂಡದ್ದಕ್ಕೆ ಸಾಕ್ಷಿ ಇಲ್ಲ, ಬಿಡಿ.

ಆ ಮೋಟರಿಗೊಂದು ವಿಚಿತ್ರ ಗುಣವಿದೆ. ಕರೆಂಟು ಬಂದ ಕ್ಷಣ ಎಡಕ್ಕೆ ಹೊರಡಬೇಕೋ ಬಲಕ್ಕೋ ಎಂಬುದು ಅದಕ್ಕೇ ಗೊತ್ತಿರುವುದಿಲ್ಲ. ಪ್ರತಿ ಸಲವೂ ಚೀಟಿ ಎತ್ತಿದ ಹಾಗೆ. ಒಮ್ಮೆ ಹೊರಟಿತೋ, ಅದೇ ಸತ್ಯ ಎಂಬಂತೆ ತಿರುಗುತ್ತದೆ. ಮನೆಯ ಸಾಮಾನುಗಳಲ್ಲಿ ನನ್ನ ಸ್ವಭಾವದ್ದು ಅದೊಂದೇ ಇತ್ತು.

ಗೇಟು ಬಹಳ ಚೆನ್ನಾಗಿ ಬಂತು, ಒಪ್ಪಲೇಬೇಕು. ಮೋಟರಿನ ತಿರುಗಣಿಗೆ ಒಂದು ತಂತಿ, ತಂತಿಗೆ ಕಡ್ಡಿ. ಚಿಂಚೋಳಿ ಕುಳಿಯ ಎರಡು ಬೆರಳು ಮೇಲೆ ಕೆಂಪು ಬಿಳಿ ಕಡ್ಡಿ ಗಂಭೀರವಾಗಿ ಏಳುತ್ತಿತ್ತು, ಗಂಭೀರವಾಗಿ ಬೀಳುತ್ತಿತ್ತು. ಚಾಚಾ ಸಂಭ್ರಮದಿಂದ ಚಾಚಿಯನ್ನು ಕರೆದರು.

ಚಾಚಿ ಬಂದು ಮೂರು ಸಲ ಅದು ಎದ್ದು ಬಿದ್ದದ್ದನ್ನು ನೋಡಿದರು.

“ನನ್ನ ತವರಿಗೆ ಅಡ್ಡಾ ಗೇಟ್ ಹಾಕೀರೇನು?” ಎಂದರು. ಅಷ್ಟೇ. ಒಳಗೆ ಹೋದರು. ಅವತ್ತು ಚಹಾ ಬರಲಿಲ್ಲ. ಮರುದಿನವೂ ಬರಲಿಲ್ಲ.

ಮೂರನೆಯ ದಿನ ಚಾಚಾ ನನ್ನನ್ನು ಕರೆಸಿದರು. “ವಕೀಲಬಾಯಿ, ಏನರ ಮಾಡು. ಅಕಿಗಿ ನಾಲ್ಕು ಮಾತು ತಿಳಿಸಿ ಹೇಳು. ಬರೀ ನೀರು ಕುಡಿದು ಕಲ್ಲು ಕೊಯ್ಲಿಕ್ಕ ಆಗವಲ್ದು.”

ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಗೇಟಿನ ಪರವಾಗಿ ಶುರು ಮಾಡಿದೆ. ಚಾಚಿ ಬೆಳ್ಳುಳ್ಳಿ ಸುಲಿಯುತ್ತಿದ್ದರು.

“ಮೊನ್ನೆ ನೀನೇ ಗೇಟ್ ಇರಬಾರದು ಅಂದಿ,” ಎಂದರು.

“ಮೊನ್ನೆ ನಾನು ವಿರೋಧ ಪಕ್ಷ ಇದ್ದೆ ಚಾಚಿ.”

“ಇವತ್ತು?”

“ಇವತ್ತು ಪರ.”

“ಊಟಾ ಯಾವ ಕಡಿ ಮಾಡ್ತಿ?”

ಇದನ್ನು ಕೇಳದವಳಂತೆ ಮುಂದುವರಿಸಿದೆ. ಮೊಬೈಲಿನಲ್ಲಿ ಹೊತ್ತು ಅಳೆದಿದ್ದೇನೆ. ಗೇಟು ಅರ್ಧ ಹೊತ್ತು ಮುಚ್ಚಿರುತ್ತದೆ, ಅರ್ಧ ಹೊತ್ತು ತೆರೆದಿರುತ್ತದೆ. ಹಾಗಾಗಿ ದಾರಿ ಬಂದ್ ಆಗಿಲ್ಲ, ಅವಕಾಶ ಅರ್ಧಕ್ಕೆ ಇಳಿದಿದೆ, ಅಷ್ಟೇ. ಚಾಚಿ ಬೆಳ್ಳುಳ್ಳಿ ಕೆಳಗಿಟ್ಟರು.

“ಗೇಟ್ ಇಲ್ಲದಾಗ ಮೂರು ವರ್ಷದಾಗ ಎಷ್ಟು ಸಲ ಹೋಗಿತ್ತು, ಬೇಟಾ?”

“ಒಮ್ಮೆನೂ ಇಲ್ಲ.”

“ಒಮ್ಮೆನೂ ಇಲ್ಲದ್ದರ ಅರ್ಧಾ ಎಷ್ಟು?”

ನನ್ನ ಅಪ್ಪ ಗಣಿತದ ಮಾಸ್ತರು. ಕಪಾಟಿನಲ್ಲಿ ನಾನು ಚರ್ಚೆಯಲ್ಲಿ ಗೆದ್ದ ಒಂಬತ್ತು ಕಪ್ಪುಗಳಿವೆ. ಆ ಹೊಸ್ತಿಲ ಮೇಲೆ ಕುಳಿತು ಉಳಿದ ಬೆಳ್ಳುಳ್ಳಿ ಸುಲಿದುಕೊಟ್ಟೆ.

ಕೊನೆಗೆ ತೀರ್ಪು ಕೊಟ್ಟವರು ಶರಣಪ್ಪ ಕಾಕಾ. ವಾಡಿಯಲ್ಲಿ ರೈಲ್ವೆ ಗೇಟ್‌ಮನ್ ಆಗಿ ನಿವೃತ್ತರಾದವರು. ಹೊಸ ಮನೆಗೆ ಫರಶಿ ಆರಿಸಲು ಬಂದು, ಎರಡು ತಿಂಗಳಿಂದ ಆರಿಸುತ್ತಲೇ ಇದ್ದರು. ಛರ್ರಾ ಆಡುವುದು ಮುಗಿದಿರಲಿಲ್ಲ. ಗೇಟನ್ನು ಕಂಡು ಅವರ ಮುಖದಲ್ಲಿ ವೃತ್ತಿಯ ನೋವು ಮೂಡಿತು. “ಗಂಟಿ ಎಲ್ಲದ? ಸಿಗ್ನಲ್ ಎಲ್ಲದ? ರೈಲು ಬರಲಾರ್ದ ಗೇಟ್ ಬೀಳಸ್ತಾರೇನ್ರಿ? ನನ್ನ ಕಾಲದಾಗ ಹಿಂಗ ಮಾಡಿದ್ರ ಮೆಮೋ ಬರ್ತಿತ್ತು,” ಎಂದರು. ಆದರೂ ಹಾಕಿದ ಗೇಟನ್ನು ಕೀಳಿಸುವುದಕ್ಕೆ ಅವರಿಗೆ ಮನಸ್ಸು ಬರಲಿಲ್ಲ. “ಶುಕ್ರವಾರದ ತನಕ ನೋಡ್ರಿ. ಅಕ್ಕಾರ ಛರ್ರಾ ಚಿಂಚೋಳಿ ಮುಟ್ಟಿದ್ರ ಗೇಟ್ ಇರಲಿ. ಇಲ್ಲಂದ್ರ ಕಿತ್ತು ವಕೀಲಬಾಯಿ ಮೋಟರ್ ವಾಪಸ್ ಕೊಡ್ರಿ.”

ಇಲ್ಲಿ ನನ್ನ ಸ್ಥಿತಿಯನ್ನು ಗಮನಿಸಬೇಕು. ಚಾಚಿ ಸೋತರೆ ನನಗೆ ಮೋಟರು. ಚಾಚಿ ಗೆದ್ದರೆ ಅಂಗಳಕ್ಕೆ ಚಹಾ. ಅದಕ್ಕಿಂತ ಹೆಚ್ಚಾಗಿ, ಆಕೆ ಒಂದು ಸಲವಾದರೂ ಆ ಕುಳಿ ಮುಟ್ಟಲಿ ಎಂದು ನನ್ನೊಳಗೆ ಯಾರೋ ಮೇಜು ಗುದ್ದುತ್ತಿದ್ದರು. ಚೀಟಿ ಎತ್ತದೆ ಪಕ್ಷ ವಹಿಸಿದ್ದು ಅದೇ ಮೊದಲು.

ಗೇಟುಗಳ ಬಗ್ಗೆ ನನಗೆ ಹಳೆಯ ಅಕ್ಕರೆಯೂ ಇತ್ತೆನ್ನಿ. ಚಿಕ್ಕಂದಿನಲ್ಲಿ ಅಪ್ಪನ ಸ್ಕೂಟರಿನಲ್ಲಿ ಹೋಗುವಾಗ ಗೇಟು ಬಿದ್ದರೆ ನನಗೂ ಅಕ್ಕನಿಗೂ ಹಬ್ಬ. ಅಪ್ಪ ಇಂಜಿನ್ ಆರಿಸಿ ಕರವಸ್ತ್ರ ತೆಗೆಯುತ್ತಿದ್ದರು. ಸೈಕಲ್ಲಿನವರು ಸೈಕಲ್ಲನ್ನು ಓರೆ ಮಾಡಿ ಅಡಿಯಲ್ಲಿ ನುಸುಳುತ್ತಿದ್ದರು. ಪೇರಲಹಣ್ಣಿನವಳು ಬುಟ್ಟಿ ಹೊತ್ತು ಪ್ರತಿ ಗಾಡಿಯ ಹತ್ತಿರವೂ ಬರುತ್ತಿದ್ದಳು. ಗೂಡ್ಸ್ ಗಾಡಿ ಬಂತೆಂದರೆ ನಾವು ಡಬ್ಬಿ ಎಣಿಸಬೇಕು. ಯಾವಾಗಲೂ ಅಕ್ಕನ ಲೆಕ್ಕಕ್ಕೂ ನನ್ನದಕ್ಕೂ ಒಂದು ಡಬ್ಬಿ ವ್ಯತ್ಯಾಸ. ಹೋದ ರೈಲನ್ನು ಮತ್ತೆ ಎಣಿಸುವ ಹಾಗಿಲ್ಲವಲ್ಲ. ನಾನು ಇವತ್ತಿಗೂ ಸೋಲದೆ ಉಳಿದ ವಾದಗಳು ಅವು.

ಶುಕ್ರವಾರ ಬಂತು. ಚಾಚಾ ಜುಮ್ಮಾ ನಮಾಜು ಮುಗಿಸಿ ಟೋಪಿಯಲ್ಲೇ ಬಂದು ನಿಂತರು. ಶರಣಪ್ಪ ಕಾಕಾ ಎಲ್ಲಿಂದಲೋ ಒಂದು ಹಸಿರು ಬಟ್ಟೆ ತಂದಿದ್ದರು, ಬಾವುಟವಂತೆ. ಚಾಚಿ ಬಳೆ ಏರಿಸಿದರು. ಮೊದಲ ಛರ್ರಾ ಸೇಡಂ. ಎರಡನೆಯದು ಗೇಟಿಗೆ ಬಡಿದು ಚಿತ್ತಾಪುರ. ಮೂರನೆಯದು ಹಾರಿಹೋಗಿ ಶಹಾಬಾದ. ನಾಲ್ಕನೆಯದೂ ಸೇಡಂ.

“ಸೇಡಮ್ಮಿನಾಗ ಒಂದು ಮನಿ ಮಾಡಿಬಿಡು,” ಎಂದರು ಚಾಚಾ.

“ನೀವು ಮಾತಾಡಬ್ಯಾಡ್ರಿ,” ಎಂದು ಚಾಚಿ ಐದನೆಯದನ್ನು ಎಳೆದು ಬಿಟ್ಟರು.

ಅದು ಮೆಲ್ಲಗೆ ಹೋಯಿತು. ಮೇಲಿನ ತಿರುವು ದಾಟಿ ಎಡಕ್ಕೆ ಇಳಿಯುವಾಗ ಗೇಟು ಬೀಳುತ್ತಿತ್ತು. ಅದೇ ಹೊತ್ತಿಗೆ ಕರೆಂಟು ಹೋಯಿತು. ಕಲ್ಲು ಕೊಯ್ಯುವ ಯಂತ್ರ ಉಸಿರುಬಿಟ್ಟು ನಿಂತಿತು. ಗೇಟೂ ಅರ್ಧ ಬಿದ್ದು ನಿಂತಿತು. ಛರ್ರಾ ಬಂದು ಆ ಕಡ್ಡಿಗೂ ಫರಶಿಯ ಅಂಚಿಗೂ ನಡುವೆ ಸಿಕ್ಕಿಕೊಂಡು ಅಲ್ಲೇ ಉಳಿಯಿತು. ಎರಡು ಬೆರಳು ಕೆಳಗೆ ಚಿಂಚೋಳಿ.

ನನಗೆ ಆಗ ಹೊಳೆಯಿತು, ನನ್ನ ಲೆಕ್ಕ ಬುಡದಲ್ಲೇ ತಪ್ಪಾಗಿತ್ತೆಂದು. ಮೂರು ವರ್ಷ ಆ ಗುಂಡು ಕುಳಿಗೆ ಬೀಳದೆ ಹೋದದ್ದು ಅಲ್ಲಿ ಅದು ನಿಲ್ಲುತ್ತಿರಲಿಲ್ಲ ಎಂಬ ಒಂದೇ ಕಾರಣಕ್ಕೆ. ಈಗ ಗೇಟು ಅದನ್ನು ನಿಲ್ಲಿಸಿತ್ತು. ಕರೆಂಟು ಬಂದು ಮೋಟರು ಗೇಟನ್ನು ಮೇಲಕ್ಕೆತ್ತಿದರೆ ಛರ್ರಾ ಉರುಳಿ ನೆಟ್ಟಗೆ ಚಿಂಚೋಳಿ. ಆದರೆ ಕೆಳಕ್ಕೆ ಇಳಿಸಿದರೆ ಕಡ್ಡಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ, ಮತ್ತೆ ಸೇಡಂ. ಯಾವ ಕಡೆ ಹೊರಡುತ್ತದೆಂದು ಆ ಮೋಟರಿಗೇ ಗೊತ್ತಿಲ್ಲ.

“ಬೆರಳಿಲೆ ಥೋಡೆ ಎತ್ತಿಬಿಡ್ಲೇನು?” ಎಂದು ಚಾಚಾ ಕೈ ಚಾಚಿದರು.

ಶರಣಪ್ಪ ಕಾಕಾ ಹಸಿರು ಬಟ್ಟೆ ಅಡ್ಡ ಹಿಡಿದರು. “ಬಿದ್ದ ಗೇಟಿಗಿ ಕೈ ಹಚ್ಚಂಗಿಲ್ಲ. ನಿಂದ್ರಬೇಕು.”

ನಿಂತೆವು. ನಿಜವಾದ ಗೇಟಿನ ಮುಂದೆ ನಿಲ್ಲುವ ಹಾಗೆಯೇ. ಹಮಾಲರು ಬಂದು ಸುತ್ತ ಕುಳಿತರು. ಕಲ್ಲು ಒಯ್ಯಲು ಬಂದಿದ್ದ ಟ್ರ್ಯಾಕ್ಟರಿನವನು ಇಂಜಿನ್ ಆರಿಸಿ ಇಳಿದ. ಒಬ್ಬ ಕಡಲೆ ಹಂಚಿದ. ಚಾಚಿ ಎಷ್ಟೋ ಹೊತ್ತು ಕದಲದೆ ನಿಂತಿದ್ದವರು, ಇದ್ದಕ್ಕಿದ್ದಂತೆ ಒಳಗೆ ಹೋಗಿ ಎಲ್ಲರಿಗೂ ಚಹಾ ತಂದರು. ಚಾಚಾ ಕಪ್ಪು ಹಿಡಿದು ನನ್ನ ಮುಖ ನೋಡಿದರು. ತಪ್ಪಿ ಬಂದ ಚಹಾವನ್ನು ತಿದ್ದಬಾರದು ಎಂಬ ಜ್ಞಾನ ನಮ್ಮಿಬ್ಬರಿಗೂ ಇತ್ತು.

“ಏನಾಗ್ತದ ಹೇಳು,” ಎಂದರು ಚಾಚಿ ನನಗೆ.

“ಅರ್ಧಾ ಹಂಗ, ಅರ್ಧಾ ಹಿಂಗ.”

“ವಾದಾ ಮಾಡೋರು ಅರ್ಧಾ ಅರ್ಧಾ ಅಂದ್ರ ಅಂಜ್ಯಾರ ಅಂತ ತಿಳೀಬೇಕು.”

ಅಂಜಿದ್ದೆ. ದೇವರ ವಿಷಯದಲ್ಲಿ ಎರಡೂ ಪಕ್ಷದಿಂದ ಮಾತಾಡಿ ಎರಡು ಕಪ್ಪು ಗೆದ್ದ ನಾನು, ಆಗ ಬೆನ್ನ ಹಿಂದೆ ಬೆರಳು ಹೆಣೆದುಕೊಂಡಿದ್ದೆ. ಯಾರನ್ನು ಕೇಳುತ್ತಿದ್ದೆ ಎಂದು ಪಾಟೀಸವಾಲು ಹಾಕಬೇಡಿ. ಕೂಲರಿನ ಮೋಟರನ್ನು ಎಂದಿಟ್ಟುಕೊಳ್ಳಿ.

ಕರೆಂಟು ಬಂತು. ಕಡ್ಡಿ ಒಮ್ಮೆ ನಡುಗಿತು. ಕೂದಲೆಳೆಯಷ್ಟು ಕೆಳಗೆ ಹೋದಂತೆ ಕಂಡಿತು. ಕಾಕಾನ ಕೈಯ ಬಟ್ಟೆ ಇಳಿಯಿತು. ಆಮೇಲೆ ಗೇಟು, ಹಿರಿಯರು ಮಂಡಿಯ ಮೇಲೆ ಕೈಯೂರಿ ಏಳುವ ಹಾಗೆ, ಮೆಲ್ಲಗೆ ಎದ್ದಿತು. ಛರ್ರಾ ಉರುಳಿತು. ಟಕ್.

ಹಮಾಲರು ಗದ್ದಲ ಎಬ್ಬಿಸಿದರು. ಕಾಕಾ ಬಾವುಟ ಬೀಸಿದರು. ಚಾಚಿ ಮಾತ್ರ ಕುಳಿಯೊಳಗೆ ಬಗ್ಗಿ ನೋಡಿ, ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡರು. ಬಸ್ಸಿನಿಂದ ತವರಿನಲ್ಲಿ ಇಳಿಯುವ ಮುಂಚೆ ಮಾಡಿಕೊಳ್ಳುವಂತೆ.

“ಬಂದೆ ನೋಡ್ರಿ,” ಎಂದರು ಚಾಚಾನಿಗೆ. “ಲೇಟ್ ಆದ್ರೂ ಬಂದೆ.”

ಚಾಚಾ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಬಳಿಕ ಸಣ್ಣ ದನಿಯಲ್ಲಿ, “ನಿನಗ ಬ್ಯಾಡಂದ್ರ ಗೇಟ್ ತೆಗೀತೀನಿ,” ಎಂದರು.

ನನ್ನ ಕಿವಿ ನೆಟ್ಟಗಾಯಿತು. ಮೋಟರು, ಬೇಸಿಗೆ, ಅಪ್ಪ.

“ಯಾಕ ತೆಗೀತೀರಿ?” ಎಂದರು ಚಾಚಿ. “ಗೇಟ್ ಹಾಕ್ಯಾರಂದ ಮ್ಯಾಲ ರೈಲು ಬರಲೇಬೇಕಾಗ್ತದ.”

ರೈಲಿದ್ದಲ್ಲಿ ಗೇಟು ಎಂಬುದರಿಂದ ಗೇಟಿದ್ದಲ್ಲಿ ರೈಲು ಎಂದು ಸಾಧಿಸುವುದು ತರ್ಕದ ಮೊದಲ ಪಾಠದಲ್ಲೇ ತಿದ್ದುವ ತಪ್ಪು. ಬಾಯಿ ತೆರೆದೆ. ಚಾಚಿ ಅದಕ್ಕೆ ಸರಿಯಾಗಿ ಇನ್ನೊಂದು ಕಪ್ಪು ಚಹಾ ಕೈಗಿತ್ತರು. ಕುಡಿದೆ.

ನಿಮಗೆ ಇಷ್ಟು ಹೇಳುವಷ್ಟರಲ್ಲಿ ಅಪ್ಪ ಮೂರನೆಯ ಸಲ ಸೀನಿ, ಕೂಲರಿನ ಹಿಂಬದಿಯ ಜಾಲರಿ ಬಿಚ್ಚಿ, ಕನ್ನಡಕ ಏರಿಸಿ ಒಳಗೆ ನೋಡಿದರು. ಗಣಿತದ ಮಾಸ್ತರರಿಗೆ ಇಲ್ಲದ್ದು ಬೇಗ ಕಾಣುತ್ತದೆ.

“ಇದರ ಮೋಟರ್ ಎಲ್ಲಿ ಹೋತು?”

ಇನ್ನು ಅಡಗಿಸುವ ಹಾಗಿರಲಿಲ್ಲ. “ಚಿಂಚೋಳಿಗೆ ಹೋಗ್ಯದ, ಅಪ್ಪಾ.”

“ಯಾವ ಬಸ್ಸಿಗೆ?”

“ರೈಲಿಗೆ.”

ಅಪ್ಪ ಕನ್ನಡಕ ಇಳಿಸಿ ನನ್ನನ್ನು ನೋಡಿದರು. “ಚಿಂಚೋಳಿಗೆ ರೈಲು ಎಲ್ಲದವಾ?”

“ಇನ್ನೂ ಇಲ್ಲ,” ಎಂದೆ. “ಗೇಟ್ ಅಂತೂ ಆಗ್ಯದ.”